ವೆಲ್ಡಿಂಗ್ ಅಂಗಡಿಯಲ್ಲಿ ವಿಚಾರಿಸಿ, ಸರ್ವೆ ಆಮೇಲೆ ಮಾಡಿ

ಹೊಸ ಕೃಷಿ ಯಂತ್ರಕ್ಕೆ ಗ್ರಾಹಕರ ಅಭಿಪ್ರಾಯ ಬೇಕು ಅಂದ ಕೂಡಲೇ ಮಾರ್ಕೆಟಿಂಗ್‌ನವರು ಸರ್ವೆ ಫಾರಂ ಮಾಡುತ್ತಾರೆ, ಸೇಲ್ಸ್‌ನವರು ತಮಗೆ ಬೇಕಾದ ಡೀಲರುಗಳ ಪಟ್ಟಿ ಕೊಡುತ್ತಾರೆ. ಬರುವ ಉತ್ತರ ಮೊದಲೇ ಗೊತ್ತು: ತೂಕ ಕಡಿಮೆಯಾಗಲಿ, ಬೆಲೆ ಇಳಿಯಲಿ, ವಾರಂಟಿ ಹೆಚ್ಚಲಿ. ಹಳೇ ಮಾಡೆಲ್ ತಿದ್ದುವುದಕ್ಕೆ ಇಷ್ಟು ಸಾಕು. ಹೊಸದು ಹುಟ್ಟುವುದಿಲ್ಲ.

ಹುಡುಕಬೇಕಾದವರು ಬೇರೆ. ತೊಂದರೆ ಉಳಿದವರಿಗಿಂತ ಮೊದಲೇ ತಟ್ಟಿ, ಕಂಪನಿಗೆ ಕಾಯದೆ ತಾವೇ ಏನೋ ಒಂದು ಮಾಡಿಕೊಂಡವರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎರಿಕ್ ವಾನ್ ಹಿಪ್ಪೆಲ್ 1986ರಲ್ಲಿ ಇವರನ್ನು 'ಲೀಡ್ ಯೂಸರ್' ಎಂದು ಕರೆದರು. ಕೃಷಿ ಯಂತ್ರಗಳ ಮಟ್ಟಿಗೆ ಇವರ ವಿಳಾಸ ಸಿಗುವುದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ. "ಯಾವ ಪಾರ್ಟ್ ಮತ್ತೆ ಮತ್ತೆ ಬರುತ್ತೆ? ಯಾರು ಬಂದು ಬೇರೆ ಥರ ಮಾಡಿಸಿಕೊಂಡು ಹೋದರು?" ಎಂದು ಕೇಳಿ. ಅವರ ಮನೆಗೆ ಹೋದಾಗ ಕೊನೆಯ ಪ್ರಶ್ನೆ ಇದಿರಲಿ: "ಇದರ ಬಗ್ಗೆ ನಿಮಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು ಯಾರಾದರೂ ಇದ್ದಾರಾ?" ಹೀಗೆ ಮೂರ್ನಾಲ್ಕು ಮನೆ ದಾಟಿದರೆ ಸರಿಯಾದವರು ಸಿಗುತ್ತಾರೆ.

ಅಲ್ಲಿ ಮಾತಿಗಿಂತ ಕೆಲಸ ನೋಡಬೇಕು. ಅಡಿಕೆಗೆ ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದ ಕೋಲನ್ನು, ಅಂದರೆ ದೋಟಿಯನ್ನೇ ತೆಗೆದುಕೊಳ್ಳಿ. ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಇಳಿಸುವ ಕೊನೆಗೌಡರು ಸಿಗದ ಕಡೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಕೊಳೆರೋಗಕ್ಕೆ ಹೊಡೆಯುವುದು ಶೇ 1ರ ಬೋರ್ಡೋ ದ್ರಾವಣ: 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಸುಣ್ಣದ ಕಾಳು ನಾಝಲ್‌ನಲ್ಲಿ ಸಿಕ್ಕಿಕೊಂಡರೆ ಅಷ್ಟುದ್ದದ ದೋಟಿಯನ್ನು ಪೂರ್ತಿ ಇಳಿಸಿ, ತೊಳೆದು, ಮತ್ತೆ ಏರಿಸಬೇಕು. ಫಾರಂನಲ್ಲಿ ಇದು 'ನಾಝಲ್ ಬ್ಲಾಕ್ ಆಗುತ್ತದೆ' ಎಂಬ ಒಂದೇ ಸಾಲು. ತೋಟದಲ್ಲಿ ನಿಂತವರು ಬರೆದುಕೊಳ್ಳಬೇಕಾದ ಲೆಕ್ಕ ಬೇರೆ: ಒಂದು ಡ್ರಮ್ ಮುಗಿಯುವುದರೊಳಗೆ ದೋಟಿ ಎಷ್ಟು ಸಲ ಇಳಿಯಿತು? ಪೈಪನ್ನು ದೋಟಿಗೆ ಎಲ್ಲೆಲ್ಲಿ ಟ್ಯೂಬ್ ಚೂರಿನಿಂದ ಕಟ್ಟಿದ್ದಾರೆ? ಸುಣ್ಣ ಸೋಸಲು ಯಾವ ಬಟ್ಟೆ ಬಳಸುತ್ತಾರೆ? ಆ ಬಟ್ಟೆ ನೋಡಿದರೆ ಫಿಲ್ಟರನ್ನು ನಾಝಲ್ ಬಳಿ ಇಡಬೇಕೋ, ಕೈಗೆಟಕುವಂತೆ ಕೆಳಗಿಡಬೇಕೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಫ್ಯಾಕ್ಟರಿಯಲ್ಲಿ ಬರೀ ನೀರು ಹಾಕಿ ಪರೀಕ್ಷಿಸಿದರೆ ಇದ್ಯಾವುದೂ ಕಾಣುವುದಿಲ್ಲ, ನೀರಿನಲ್ಲಿ ಕಾಳಿಲ್ಲವಲ್ಲ.

ಬೇರೆ ಕ್ಷೇತ್ರದವರನ್ನು ಕೇಳುವ ಧೈರ್ಯವೂ ಬೇಕು. ತ್ರೀಎಂ ಕಂಪನಿಯ ವೈದ್ಯಕೀಯ ವಿಭಾಗ 1996ರಲ್ಲಿ ಆಪರೇಷನ್ ವೇಳೆ ಸೋಂಕು ತಗುಲದಂತೆ ಚರ್ಮಕ್ಕೆ ಅಂಟಿಸುವ ತೆಳು ಹಾಳೆ, ಅಂದರೆ ಡ್ರೇಪ್ ಬಗ್ಗೆ ಇದೇ ಹಾದಿ ಹಿಡಿಯಿತು. ತಂಡ ಭಾರತವೂ ಸೇರಿ ಏಷ್ಯಾದ ಆಸ್ಪತ್ರೆಗಳಿಗೆ ಹೋದಾಗ, ಡ್ರೇಪ್ ದುಬಾರಿಯೆಂದು ಅಗ್ಗದ ಆಂಟಿಬಯಾಟಿಕ್ ಅನ್ನೇ ನೆಚ್ಚಿಕೊಂಡಿದ್ದ ವೈದ್ಯರು ಸಿಕ್ಕರು. ಅಲ್ಲಿಂದ ಪ್ರಶ್ನೆಯೇ ಬದಲಾಯಿತು: ಕಡಿಮೆ ಖರ್ಚಿನಲ್ಲಿ ಸೋಂಕು ತಡೆಯುವುದು ಹೇಗೆ? ಮುಂದೆ ಅವರು ಕೇಳಿದ್ದು ಪಶುವೈದ್ಯರನ್ನು, ಹಾಲಿವುಡ್ ಮೇಕಪ್ ಕಲಾವಿದರನ್ನು. ಪಶುವೈದ್ಯರ ರೋಗಿಗೆ ಮೈತುಂಬ ಕೂದಲು, ಸ್ನಾನವಿಲ್ಲ, ವಿಮೆಯೂ ಇಲ್ಲ; ಆದರೂ ಸೋಂಕು ತಡೆಯಲೇಬೇಕು. ಮೇಕಪ್‌ನವರಿಗೆ ಚರ್ಮ ಕೆರಳಿಸದೆ ಅಂಟಿಸಿ ಕೀಳುವುದು ದಿನನಿತ್ಯದ ಕೆಲಸ. ತ್ರೀಎಂನಲ್ಲಿ ಹೀಗೆ ಹುಟ್ಟಿದ ಯೋಜನೆಗಳಿಗೆ ಐದನೇ ವರ್ಷದ ಮಾರಾಟ ಉಳಿದವಕ್ಕಿಂತ ಎಂಟು ಪಟ್ಟು ಎಂದು 2002ರ ಅಧ್ಯಯನವೊಂದು ಹೇಳಿತು. ಅದು ಅಂದಾಜು, ಆಗಿಹೋದ ಮಾರಾಟವಲ್ಲ. ಸ್ಲೈಡಿಗೆ ಹಾಕುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ಪರೀಕ್ಷೆಗೆಂದು ಮಾಡಿದ ಮೊದಲ ಯಂತ್ರ, ಅಂದರೆ ಪ್ರೊಟೊಟೈಪ್ ಪುಕ್ಕಟೆ ಕೊಟ್ಟರೆ ಯಾರೂ ದೂರುವುದಿಲ್ಲ. "ಚೆನ್ನಾಗಿದೆ ಸಾರ್" ಅಂದು ಕಾಫಿ ಕೊಟ್ಟು ಕಳಿಸುತ್ತಾರೆ, ಯಂತ್ರ ಕೊಟ್ಟಿಗೆಯ ಮೂಲೆ ಸೇರಿರುತ್ತದೆ. ಎರಡು ಬಗೆ ಕೊಟ್ಟು, ಸೀಸನ್ ಮುಗಿದ ಮೇಲೆ ಒಂದನ್ನು ಮಾತ್ರ ಇಟ್ಟುಕೊಳ್ಳಿ ಎನ್ನುವುದು ವಾಸಿ. ಇಟ್ಟುಕೊಳ್ಳುವುದಕ್ಕೆ ಸ್ವಲ್ಪವಾದರೂ ಹಣ ಕೇಳಿ. ಉತ್ತರ ಆಗ ನಿಜವಾಗುತ್ತದೆ.

ಹೆಚ್ಚು ಕೆಡುವುದು ಐಡಿಯಾದ ಮೇಲಿನ ಹಕ್ಕು ಯಾರದು ಎಂಬ ವಿಷಯದಲ್ಲಿ. ಐಡಿಯಾ ನೋಡುವ ಮೊದಲೇ ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಆಗಬೇಕು: ಹೆಸರು ಯಾರದು, ದುಡ್ಡು ಎಷ್ಟು, ಕಂಪನಿ ಕೈಬಿಟ್ಟರೆ ಅವರು ಬೇರೆಯವರಿಗೆ ಕೊಡಬಹುದೇ. ಆಟಿಕೆ ಕಂಪನಿ ಲೆಗೋ ಅಭಿಮಾನಿಗಳಿಂದ ಹೊಸ ಸೆಟ್‌ಗಳ ವಿನ್ಯಾಸ ಪಡೆಯುವ 'ಲೆಗೋ ಐಡಿಯಾಸ್‌'ನಲ್ಲಿ ಇದು ಮೊದಲೇ ಬರೆದಿಟ್ಟ ನಿಯಮ: 10,000 ಜನರ ಬೆಂಬಲ ಸಿಕ್ಕರೆ ಕಂಪನಿ ಪರಿಶೀಲಿಸುತ್ತದೆ, ಸೆಟ್ ಮಾರುಕಟ್ಟೆಗೆ ಬಂದರೆ ನಿವ್ವಳ ಮಾರಾಟದ ಶೇ 1 ವಿನ್ಯಾಸ ಮಾಡಿದವರಿಗೆ. ಇನ್ನೊಂದು: ರೈತರು ತಮ್ಮ ಸಲಕರಣೆಯನ್ನು ಈಗಾಗಲೇ ಮೇಳದಲ್ಲಿ ಎಲ್ಲರಿಗೂ ತೋರಿಸಿದ್ದರೆ ಪೇಟೆಂಟ್ ಸಿಗುವುದು ಕಷ್ಟ. ಡ್ರಾಯಿಂಗ್ ಶುರುಮಾಡುವ ಮೊದಲೇ ಅದನ್ನು ಕೇಳಿಕೊಂಡು ವಕೀಲರಿಗೆ ತಿಳಿಸಿ.