ವಿಜಯಪುರದಲ್ಲಿ ಎರಡು ರಾತ್ರಿ: ಒಳ್ಳೆ ರೂಮು, ಬಿಸಿ ರೊಟ್ಟಿ, ತಣ್ಣನೆ ವೈನ್

ಹುಬ್ಬಳ್ಳಿ ಕಡೆಯಿಂದ ಕಾರಿನಲ್ಲಿ ಬರುವವರು ಕೊಲ್ಹಾರದಲ್ಲಿ ಗಾಡಿ ನಿಲ್ಲಿಸದೆ ಮುಂದೆ ಹೋಗಬೇಡಿ. ಕೃಷ್ಣೆಯ ಉದ್ದನೆಯ ಸೇತುವೆ ದಾಟಿದರೆ ಸಾಕು, ರಸ್ತೆ ಬದಿಯಲ್ಲಿ ಮಣ್ಣಿನ ಗಡಿಗೆಗಳಲ್ಲಿ ಮೊಸರು ಮಾರುತ್ತಿರುತ್ತಾರೆ. ಮಾರುವ ಅಜ್ಜಿ ಗಡಿಗೆಯನ್ನೇ ಬೋರಲು ಹಾಕಿ ತೋರಿಸಿದಳು, ಒಂದು ಹನಿ ಬೀಳಲಿಲ್ಲ. ಮೇಲೆ ಬೆರಳು ದಪ್ಪ ಕೆನೆ. ನಮ್ಮ ರಜೆ ಶುರುವಾಗಿದ್ದೇ ಅಲ್ಲಿ.

ಮದುವೆಯಾಗಿ 10 ವರ್ಷ ತುಂಬಿತ್ತು. ಈ ಹಿಂದೆ ಮೂರು ಸಲ ವಿಜಯಪುರಕ್ಕೆ ಬಂದಿದ್ದರೂ ಬೆಳಗ್ಗೆ ಬಂದು ಸಂಜೆ ಹೊರಟವರು ನಾವು. ಈ ಸಲ ಎರಡು ರಾತ್ರಿ ಉಳಿಯೋಣ, ದುಡ್ಡನ್ನು ರೂಮಿಗೂ ಊಟಕ್ಕೂ ಧಾರಾಳವಾಗಿ ಹಾಕೋಣ ಅಂತ ನಾನೂ ನನ್ನ ಹೆಂಡತಿಯೂ ಮೊದಲೇ ಮಾತಾಡಿಕೊಂಡಿದ್ದೆವು. ಫೆಬ್ರವರಿ ಆರಿಸಿದ್ದಕ್ಕೆ ಕಾರಣ ದ್ರಾಕ್ಷಿ. ಆಗ ಕಟಾವು ನಡೆದಿರುತ್ತದೆ, ಬಿಸಿಲೂ ಇನ್ನೂ ಸುಡುವಷ್ಟು ಏರಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ದಯವಿಟ್ಟು ಬೇಡ.

ರೂಮಿನ ವಿಷಯದಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಸುಮ್ನೆ ಫೋಟೊ ನೋಡಿ ಬುಕ್ ಮಾಡಿದ್ದೆವು. ಸಿಕ್ಕಿದ್ದು ರಸ್ತೆ ಬದಿಯ ರೂಮು, ರಾತ್ರಿಯಿಡೀ ಲಾರಿ ಹಾರ್ನ್. ಮರುದಿನ ಸ್ವಲ್ಪ ಜಾಸ್ತಿ ಕೊಟ್ಟು ಹಿಂಬದಿಯ ದೊಡ್ಡ ರೂಮಿಗೆ ಹೋದೆವು, ಆಮೇಲೆ ನೆಮ್ಮದಿ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ರೂಮು ಯಾವ ಕಡೆಗಿದೆ, ಬಿಸಿನೀರು ಎಷ್ಟು ಹೊತ್ತಿನವರೆಗೆ ಬರುತ್ತದೆ, ವೈನ್ ಸಿಗುತ್ತದಾ. ಒಳ್ಳೆಯ ಹೋಟೆಲುಗಳಲ್ಲೂ ಕೆಲವು ಕಡೆ ಬಾರ್ ಇರುವುದಿಲ್ಲ. ಇನ್ನು ವೈನ್ ಶಾಪ್ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಒಳಗೆ ಒಳ್ಳೆಯ ವೈನ್ ಇರುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ವಿಸ್ಕಿ, ಬಿಯರಿನದೇ ಸಾಲು. ಬಾಟಲಿ ಬಿಸಿಲಿನಲ್ಲಿ ನಿಂತಿದ್ದರೆ ಮುಟ್ಟಲೇಬೇಡಿ.

ಈ ಜಿಲ್ಲೆಯ ತೋಟಗಳಲ್ಲಿ ಬಹುಪಾಲು ತಿನ್ನುವ, ಒಣಗಿಸುವ ದ್ರಾಕ್ಷಿ. ವೈನಿಗೆ ಬೇಕಾದ ತಳಿಗಳೇ ಬೇರೆ. ಅದಕ್ಕೇ ಗ್ಲಾಸಿನಲ್ಲಿ ಇರುವುದು ಎಲ್ಲಿಯ ವೈನ್ ಅಂತ ಕೇಳಿ ತಿಳಿದುಕೊಳ್ಳಿ. ಮೊದಲ ರಾತ್ರಿ ನಾವು ಎಣ್ಣೆಗಾಯಿ, ಶೇಂಗಾ ಹಿಂಡಿ, ಬಿಸಿ ಜೋಳದ ರೊಟ್ಟಿಯ ಜೊತೆ ಕೆಂಪು ವೈನ್ ತರಿಸಿದೆವು. ಅದರ ಒಗರು ಬದನೆಕಾಯಿಯ ಖಾರಕ್ಕೆ ಸೇರಿ ನಾಲಿಗೆ ಉರಿಯಿತು. ಎರಡನೇ ರಾತ್ರಿ ಚೆನ್ನಾಗಿ ತಣ್ಣಗಾಗಿದ್ದ ಶೆನಿನ್ ಬ್ಲಾಂಕ್ ಕೇಳಿದೆವು. ತುಸು ಸಿಹಿ ಇರುವ ಬಿಳಿ ವೈನ್ ಅದು. ಒಂದು ತುತ್ತು ಎಣ್ಣೆಗಾಯಿ, ಒಂದು ಗುಟುಕು ವೈನ್. ಖಾರ ಹಿತವಾಯಿತು, ಶೇಂಗಾದ ರುಚಿ ಬೇರೆಯಾಗಿ ಎದ್ದು ಬಂತು. ಉತ್ತರ ಕರ್ನಾಟಕದ ಊಟಕ್ಕೆ ವೈನ್ ಒಗ್ಗುವುದಿಲ್ಲ ಅನ್ನುವವರು ಇದನ್ನು ಒಮ್ಮೆ ನೋಡಲಿ. ಕುಡಿದ ರಾತ್ರಿ ಕಾರಿನ ಕೀಲಿ ರೂಮಿನಲ್ಲೇ ಇರಲಿ, ಆಟೊ ಸಿಗುತ್ತದೆ.

ಮಧ್ಯಾಹ್ನದ ಊಟಕ್ಕೆ ಮಾತ್ರ ಖಾನಾವಳಿಯೇ ಸರಿ. ಪುಂಡಿಪಲ್ಯ, ಝುಣಕ, ಹಸಿ ಉಳ್ಳಾಗಡ್ಡಿ. ಉಂಡು ಬಂದು ಎರಡು ತಾಸು ಮಲಗಿ.

ಗೋಲ್‌ಗುಂಬಜ್‌ಗೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಶಾಲಾ ಮಕ್ಕಳ ಬಸ್ಸು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಬರೀ ಕೂಗಾಟ. ಮೂಲೆಯ ಗೋಪುರದ ಮೆಟ್ಟಿಲು ಕಡಿದು, ಇಕ್ಕಟ್ಟು. ಮಂಡಿ ನೋವಿದ್ದವರು ನಿಧಾನ. ನಾವು ಹತ್ತಿದಾಗ ಮೇಲೆ ನಾಲ್ಕೇ ಜನ. ಹೆಂಡತಿ ಆಚೆ ಬದಿಗೆ ಹೋಗಿ ಗೋಡೆಗೆ ಮುಖ ಮಾಡಿ, "ರೀ, ನೀರಿನ ಬಾಟಲಿ ಕಾರಲ್ಲೇ ಉಳೀತು" ಅಂದಳು. ನಡುವೆ ಅಷ್ಟು ದೊಡ್ಡ ಗುಮ್ಮಟ, 1656ರಲ್ಲಿ ಮುಗಿದದ್ದು. ಮಾತು ನನ್ನ ಕಿವಿಯ ಪಕ್ಕದಲ್ಲೇ ಕೇಳಿತು.

ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ ಇಬ್ರಾಹಿಂ ರೋಜಾ ಸಂಜೆಗೆ ಇಟ್ಟುಕೊಳ್ಳಿ. ಅಲ್ಲಿಯ ಕಿಟಕಿಗಳ ಹತ್ತಿರ ಹೋಗಿ ನೋಡಿ. ಕಲ್ಲನ್ನೇ ಅಕ್ಷರಗಳಾಗಿ ಕೊರೆದು ಜಾಲರಿ ಮಾಡಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದಲೇ ಒಳಗೆ ಬರುತ್ತದೆ. ನಾವು ಕತ್ತಲಾಗುವವರೆಗೂ ಹುಲ್ಲಿನ ಮೇಲೆ ಕೂತಿದ್ದೆವು. ಅರ್ಧಕ್ಕೆ ನಿಂತ ಗೋರಿ ಬಾರಾ ಕಮಾನ್, ಮಲಿಕ್-ಎ-ಮೈದಾನ್ ಫಿರಂಗಿ ಎರಡನ್ನೂ ಒಂದೇ ಬೆಳಗ್ಗೆ ಮುಗಿಸಬಹುದು. ಟಾಂಗಾ ಸಿಕ್ಕರೆ ಬಾಡಿಗೆ ಮೊದಲೇ ಗೊತ್ತು ಮಾಡಿಕೊಂಡು ಹತ್ತಿ.

ಹೊರಡುವ ದಿನ ತಿಕೋಟಾ ಕಡೆ ಒಂದು ಸುತ್ತು ಹೋಗಿಬನ್ನಿ. ಬಲೆ ಕಟ್ಟಿದ ಶೆಡ್ಡುಗಳಲ್ಲಿ ದ್ರಾಕ್ಷಿ ಸುಮಾರು ಎರಡು ವಾರ ನೆರಳಲ್ಲಿ ಒಣಗುತ್ತದೆ. ಒಂದು ಶೆಡ್ಡಿನ ರೈತರು ಅಂಗೈ ತುಂಬ ಹಸಿರು ಮಣೂಕ, ಅಂದರೆ ಒಣದ್ರಾಕ್ಷಿ, ಸುರಿದು, "ತಿಂದು ನೋಡ್ರಿ, ಆಮ್ಯಾಗ ತಗೊಳ್ರಿ" ಅಂದರು. ಎರಡು ಕಿಲೊ ತಂದೆವು. ಮನೆಗೆ ಬಂದು ವಾರವಾಗುವುದರೊಳಗೆ ಡಬ್ಬಿ ಖಾಲಿ.