ತಪ್ಪೆಂದು ತಿಳಿದ ಮೇಲೂ ಮೆದುಳು ಹಳೆಯ ದಾರಿಗೆ ಏಕೆ ಮರಳುತ್ತದೆ?

ಮೆದುಳಿನ ಕುರಿತು ಬರೆಯುವ ನನ್ನನ್ನು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ನಿನ್ನೆಯವರೆಗೆ ಸರಿಯಾಗಿದ್ದ ದಾರಿ ಇಂದು ತಪ್ಪೆಂದು ತಿಳಿದ ಮೇಲೂ ಮನಸ್ಸು ಅದೇ ದಾರಿಯನ್ನು ಏಕೆ ಹಿಡಿಯುತ್ತದೆ? ಕೇಳುವವರ ಮಾತಿನಲ್ಲಿ ಹಲವು ಸಲ ತಮ್ಮ ಇಚ್ಛಾಶಕ್ತಿಯೇ ದುರ್ಬಲವೆಂಬ ನೋವು ಇರುತ್ತದೆ. ಆ ನೋವಿಗೆ ವಿಜ್ಞಾನದಲ್ಲಿ ಗಟ್ಟಿಯಾದ ಆಧಾರವಿಲ್ಲ ಎಂಬುದು ನನ್ನ ನಂಬಿಕೆ. ತಪ್ಪು ಮೆದುಳಿಗೆ ಬೇಗನೆ ಕಾಣುತ್ತದೆ. ಕಂಡ ತಪ್ಪಿಗೆ ಏನು ಅರ್ಥವೆಂದು ತೀರ್ಮಾನಿಸುವುದು ಕಷ್ಟ, ಮತ್ತು ಆ ತೀರ್ಮಾನವು ಮೆದುಳಿನ ಯಾವುದೋ ಒಂದು ಭಾಗದ ಕೈಯಲ್ಲಿಲ್ಲ.

ಹೀಗೆ ತೀರ್ಮಾನಿಸಿ ದಾರಿ ಬದಲಿಸುವ ಸಾಮರ್ಥ್ಯವನ್ನು ಅಳೆಯುವ ಪ್ರಯೋಗಕ್ಕೆ ರಿವರ್ಸಲ್ ಲರ್ನಿಂಗ್, ಅಂದರೆ ಅದಲುಬದಲಿನ ಕಲಿಕೆ, ಎಂದು ಹೆಸರು. ಪರದೆಯ ಮೇಲೆ ಎರಡು ಚಿತ್ರಗಳಿರುತ್ತವೆ. ಒಂದನ್ನು ಆರಿಸಿದರೆ 10ರಲ್ಲಿ 8 ಬಾರಿ ಬಹುಮಾನ ಸಿಗುತ್ತದೆ, ಇನ್ನೊಂದನ್ನು ಆರಿಸಿದರೆ 2 ಬಾರಿ ಮಾತ್ರ ಎಂದಿಟ್ಟುಕೊಳ್ಳೋಣ. ಯಾವುದು ಒಳ್ಳೆಯ ಚಿತ್ರವೆಂದು ಕಲಿತಾದ ಮೇಲೆ, ಯಾವ ಸೂಚನೆಯನ್ನೂ ಕೊಡದೆ, ಎರಡರ ಬಹುಮಾನದ ಸಾಧ್ಯತೆಯನ್ನು ಅದಲುಬದಲು ಮಾಡಲಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬದಲಾವಣೆಯ ನಂತರ ಬಹುಮಾನ ತಪ್ಪಿದ ಮೊದಲ ಸಲವೂ ಅದಕ್ಕೆ ಮುಂಚೆ ಆಕಸ್ಮಿಕವಾಗಿ ತಪ್ಪಿದ ಸಲವೂ ನೋಡಲು ಒಂದೇ ರೀತಿ ಇರುತ್ತವೆ. ಆದುದರಿಂದ ಪ್ರತಿಯೊಂದು ಸೋಲಿಗೂ ದಾರಿ ಬದಲಿಸುವವನು, ಎಂದೂ ಬದಲಿಸದವನಂತೆಯೇ, ಸಿಗಬಹುದಾಗಿದ್ದ ಬಹುಮಾನವನ್ನು ಕಳೆದುಕೊಳ್ಳುತ್ತಾನೆ. ಸ್ವಲ್ಪ ಕಾಲ ಹಳೆಯದಕ್ಕೆ ಅಂಟಿಕೊಂಡಿರುವುದು ದೋಷವಲ್ಲ, ಲೆಕ್ಕಾಚಾರದ ಒಂದು ಭಾಗ.

ಆ ಲೆಕ್ಕಾಚಾರದ ಮೊದಲ ಹೆಜ್ಜೆ ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶಗಳದು. 1997ರಲ್ಲಿ ವೋಲ್ಫ್ರಮ್ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೇಗ್ ವಿವರಿಸಿದಂತೆ, ಈ ಕೋಶಗಳು ಬಹುಮಾನವನ್ನಲ್ಲ, ನಿರೀಕ್ಷೆಗೂ ದೊರೆತದ್ದಕ್ಕೂ ಇರುವ ಅಂತರವನ್ನು ಸಾರುತ್ತವೆ: ಎಣಿಸದೆ ಬಂದಾಗ ಅವುಗಳ ಮಿಡಿತ ಏರುತ್ತದೆ, ಬರಬೇಕಾದದ್ದು ಬರದಿದ್ದಾಗ ಇಳಿಯುತ್ತದೆ. ಆದರೆ ಆ ಅಂತರಕ್ಕೆ ಎಷ್ಟು ಬೆಲೆ ಕೊಡಬೇಕು? 2007ರಲ್ಲಿ ತಿಮೊಥಿ ಬೆಹ್ರೆನ್ಸ್ ಮತ್ತು ಸಂಗಡಿಗರು ತೋರಿಸಿದ ಪ್ರಕಾರ, ಪರಿಸರವು ಪದೇ ಪದೇ ಬದಲಾಗುವಾಗ ಜನರು ಹೊಸ ಫಲಿತಾಂಶಗಳಿಗೆ ಹೆಚ್ಚು ತೂಕ ಕೊಡುತ್ತಾರೆ, ಸ್ಥಿರವಾಗಿರುವಾಗ ಕಡಿಮೆ. ಈ ಅಸ್ಥಿರತೆಯ ಅಂದಾಜನ್ನು ಮೆದುಳಿನ ಹೊರಪದರದ ಒಂದು ಭಾಗವಾದ ಮುಂಭಾಗದ ಸಿಂಗ್ಯುಲೇಟ್ ಕಾರ್ಟೆಕ್ಸ್‌ನ ಚಟುವಟಿಕೆಯು ಅನುಸರಿಸುತ್ತದೆ.

ಕಣ್ಣುಗೂಡುಗಳ ಮೇಲೆ ಹರಡಿರುವ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್‌ನ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದೆ. 1996ರಲ್ಲಿ ಡಯಾಸ್, ರಾಬಿನ್ಸ್ ಮತ್ತು ರಾಬರ್ಟ್ಸ್ ಮಾರ್ಮೊಸೆಟ್ ಕೋತಿಗಳಲ್ಲಿ ಕಂಡದ್ದೇನೆಂದರೆ, ಈ ಭಾಗಕ್ಕೆ ಹಾನಿಯಾದಾಗ ಅವು ಬಹುಮಾನದ ಅದಲುಬದಲನ್ನು ಕಲಿಯಲು ತಡವರಿಸಿದವು. ಹಣೆಯ ಹಿಂದಿನ ಮೆದುಳಿನ ಪಾರ್ಶ್ವಭಾಗಕ್ಕೆ ಹಾನಿಯಾದವುಗಳಿಗಾದರೋ ಆಕಾರವನ್ನು ಬಿಟ್ಟು ಗೆರೆಗಳನ್ನು ಗಮನಿಸುವಂತಹ, ನಿಯಮದ ಮಟ್ಟದ ಬದಲಾವಣೆ ಕಷ್ಟವಾಯಿತು. ಹೊಂದಿಕೊಳ್ಳುವ ಶಕ್ತಿ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ವಿರಳ. ರೀಸಸ್ ಕೋತಿಗಳ ವಿಷಯದಲ್ಲಿ ಮಾತ್ರ ಚಿತ್ರ ತಿರುವು ಪಡೆಯಿತು. ಹಿಂದಿನ ಪ್ರಯೋಗಗಳಲ್ಲಿ ಆ ಭಾಗವನ್ನು ಶಸ್ತ್ರಕ್ರಿಯೆಯಿಂದ ಹೀರಿ ತೆಗೆಯುತ್ತಿದ್ದರು. 2013ರಲ್ಲಿ ರೂಡೆಬೆಕ್ ಮತ್ತು ಸಂಗಡಿಗರು ಹಾದುಹೋಗುವ ನರತಂತುಗಳನ್ನು ಉಳಿಸಿ, ಕೋಶಗಳನ್ನು ಮಾತ್ರ ನಾಶಪಡಿಸಿದಾಗ ಕೋತಿಗಳು ಅದಲುಬದಲನ್ನು ಸಹಜವಾಗಿಯೇ ಕಲಿತವು. ಹಾಗಿದ್ದರೂ, ಹೊಟ್ಟೆ ತುಂಬ ತಿಂದ ಆಹಾರದ ಬೆಲೆಯನ್ನು ಅಲ್ಲಿಯೇ ತಗ್ಗಿಸಿಕೊಂಡು ಬೇರೆಯದನ್ನು ಆರಿಸುವುದು ಅವುಗಳಿಗೆ ಕಷ್ಟವಾಯಿತು. 2014ರಲ್ಲಿ ವಿಲ್ಸನ್, ತಕಾಹಾಶಿ, ಶೋನ್‌ಬಾಮ್ ಮತ್ತು ನೀವ್ ಮುಂದಿಟ್ಟ ವಿಚಾರದಂತೆ, ಈ ಭಾಗವು ಕೆಲಸದ ಒಂದು ನಕ್ಷೆಯನ್ನು ಹಿಡಿದಿಡುತ್ತದೆ. ಕಣ್ಣಿಗೆ ಕಾಣದ, ಆದರೆ ಊಹಿಸಲೇಬೇಕಾದ ಸ್ಥಿತಿಗಳ ನಡುವೆ ನಾವೀಗ ಎಲ್ಲಿದ್ದೇವೆಂದು ಅದರಿಂದ ತಿಳಿಯುತ್ತದೆ. ನನ್ನ ಒಲವು ಈ ವಿವರಣೆಯ ಕಡೆಗಿದೆ, ಏಕೆಂದರೆ ಹಳೆಯದನ್ನು ತಡೆಯುವ ಬ್ರೇಕ್ ಎಂಬ ಹಿಂದಿನ ಕಲ್ಪನೆಗಿಂತ ಇದು ಹೆಚ್ಚು ಸಂಗತಿಗಳನ್ನು ಒಟ್ಟಿಗೆ ವಿವರಿಸುತ್ತದೆ.

ರಾಸಾಯನಿಕಗಳ ಮಟ್ಟದಲ್ಲಿಯೂ ಇದೇ ವಿಭಜನೆ ಕಾಣುತ್ತದೆ. 2004ರಲ್ಲಿ ಕ್ಲಾರ್ಕ್ ಮತ್ತು ಸಂಗಡಿಗರು ಮಾರ್ಮೊಸೆಟ್‌ಗಳ ಮುಂಭಾಗದ ಮೆದುಳಿನಲ್ಲಿ ಸೆರೊಟೋನಿನ್ ಎಂಬ ಇನ್ನೊಂದು ಸಂದೇಶವಾಹಕ ರಾಸಾಯನಿಕವನ್ನು ತಗ್ಗಿಸಿದಾಗ ಅವು ಹಳೆಯ ಆಯ್ಕೆಯನ್ನೇ ಹಿಡಿದು ಕುಳಿತವು. ಪಾರ್ಕಿನ್ಸನ್ ರೋಗಿಗಳಲ್ಲಿ ಡೋಪಮಿನ್ ಹೆಚ್ಚಿಸುವ ಎಲ್-ಡೋಪಾ ಔಷಧವು ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಗುವ ಶಕ್ತಿಯನ್ನು ಸುಧಾರಿಸುತ್ತ, ಸಂಭಾವ್ಯತೆಯ ಅದಲುಬದಲನ್ನು ಕಲಿಯುವುದನ್ನು ಕೆಡಿಸುವುದನ್ನು ರೋಶನ್ ಕೂಲ್ಸ್ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು. ರೋಗವು ಮೆದುಳಿನ ಒಳಭಾಗದಲ್ಲಿರುವ ಸ್ಟ್ರಯೇಟಮ್‌ನ ಮೇಲ್ಭಾಗದ ಡೋಪಮಿನ್ ಅನ್ನು ಮೊದಲು ಬರಿದಾಗಿಸುವುದರಿಂದ, ಆ ಭಾಗಕ್ಕೆ ಸಾಕಾಗುವ ಪ್ರಮಾಣವು ಕೆಳಭಾಗಕ್ಕೆ ಅತಿಯಾಗುತ್ತದೆ ಎಂಬುದು ಅವರ ವಿವರಣೆ. ಒಂದೇ ಗುಳಿಗೆ ಒಬ್ಬನೇ ರೋಗಿಯನ್ನು ಒಂದು ವಿಧದಲ್ಲಿ ಸಡಿಲಗೊಳಿಸಿ ಇನ್ನೊಂದು ವಿಧದಲ್ಲಿ ಬಿಗಿಗೊಳಿಸುತ್ತದೆ ಎಂದಾಗ, ಮನುಷ್ಯರನ್ನು ಹಠಮಾರಿ ಮತ್ತು ಹೊಂದಿಕೊಳ್ಳುವವರು ಎಂದು ಎರಡೇ ಗುಂಪು ಮಾಡುವುದಕ್ಕೆ ಆಧಾರವಿರುವುದಿಲ್ಲ.

ಇನ್ನು ಪ್ರಶ್ನೆಯಲ್ಲಿರುವ ಮರಳುವಿಕೆಯ ಮಾತು. ಹೊಸ ಕಲಿಕೆಯು ಹಳೆಯದನ್ನು ಅಳಿಸುವುದಿಲ್ಲ. ಗಂಟೆಯ ಸದ್ದಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ನಾಯಿಯ ಜೊಲ್ಲು ಸುರಿಸುವ ಪ್ರತಿಕ್ರಿಯೆಯನ್ನು ನಂದಿಸಿದ ಮೇಲೂ ಕೆಲವು ಹೊತ್ತು ಬಿಟ್ಟು ನೋಡಿದರೆ ಅದು ತಾನಾಗಿ ಮರಳುವುದನ್ನು ಪಾವ್ಲೊವ್ ಕಂಡಿದ್ದರು. ಪ್ರಾಣಿಯನ್ನು ಮೊದಲು ಕಲಿತ ಸ್ಥಳಕ್ಕೆ ಒಯ್ದರೂ ಹಳೆಯ ಪ್ರತಿಕ್ರಿಯೆ ಮರಳಬಹುದೆಂಬುದು ನಂತರ ಹಲವು ಪ್ರಯೋಗಗಳಲ್ಲಿ ದೃಢಪಟ್ಟಿದೆ. ಆದ್ದರಿಂದ, ಹಳೆಯ ಅಭ್ಯಾಸ ಹುಟ್ಟಿದ ಸನ್ನಿವೇಶಕ್ಕೆ ಮರಳಿದಾಗ ಅದು ತಲೆ ಎತ್ತುವುದನ್ನು ಹೊಸ ಕಲಿಕೆ ವ್ಯರ್ಥವಾಯಿತೆಂಬುದಕ್ಕೆ ಸಾಕ್ಷಿಯಾಗಿ ನಾನು ಎಣಿಸುವುದಿಲ್ಲ. ಅದಲುಬದಲನ್ನು ಮತ್ತೆ ಮತ್ತೆ ಎದುರಿಸಿದ ಪ್ರಾಣಿಗಳು ಪ್ರತಿ ಸುತ್ತಿನಲ್ಲಿಯೂ ಕಡಿಮೆ ತಪ್ಪುಗಳಲ್ಲಿ ಹೊಂದಿಕೊಳ್ಳುತ್ತ ಹೋಗುವುದನ್ನು 1949ರಲ್ಲಿಯೇ ಹಾರಿ ಹಾರ್ಲೋ ಕೋತಿಗಳಲ್ಲಿ ದಾಖಲಿಸಿದ್ದರು. ಅಂದರೆ ಬದಲಾಗುವುದು ಸಹ ಅಭ್ಯಾಸದಿಂದ ಕಲಿಯಬಹುದಾದ ವಿಷಯವೇ, ಮತ್ತು ನನ್ನನ್ನು ಕೇಳುವವರಿಗೆ ನಾನು ಕೊಡುವ ಉತ್ತರದಲ್ಲಿ ಹೆಚ್ಚು ಒತ್ತಿ ಹೇಳುವುದೂ ಇದನ್ನೇ.