ಸೀಲು ಬಿಗಿ, ಕಿಂಗ್‌ಪಿನ್ ಸಡಿಲ

ಮೂಡಿಗೆರೆ ಕಡೆಯ ಎಸ್ಟೇಟ್ ಜಿಪ್ಸಿ. ನಮ್ಮ ಗ್ಯಾರೇಜಿನಲ್ಲಿ ಎರಡೂ ಕಡೆ ನಕಲ್ (ಮುಂದಿನ ಚಕ್ರ ಹೊತ್ತು ಸ್ಟೇರಿಂಗ್ ಜೊತೆ ತಿರುಗುವ ಭಾಗ) ಸೀಲು, ಅದು ತಿರುಗಲು ಆಧಾರವಾದ ಕಿಂಗ್‌ಪಿನ್ನಿನ ಬೇರಿಂಗ್ ಹೊಸದು ಹಾಕಿ ಕಳಿಸಿದ ನಾಲ್ಕನೇ ದಿನಕ್ಕೆ ವಾಪಸ್. 55ರ ವೇಗದಲ್ಲಿ ಒಂದು ಗುಂಡಿ ಸಿಕ್ಕರೆ ಸಾಕು, ಸ್ಟೇರಿಂಗ್ ಎರಡೂ ಕಡೆಗೆ ಹೊಡೆದಾಡುತ್ತದೆ. 30ಕ್ಕಿಂತ ಕೆಳಗಿಳಿಯುವ ತನಕ ನಿಲ್ಲುವುದಿಲ್ಲ.

ಎಲ್ಲರ ಬಾಯಲ್ಲೂ ಮೊದಲು ಬಂದದ್ದು ವ್ಹೀಲ್ ಬ್ಯಾಲೆನ್ಸಿಂಗ್. ಅಲ್ಲೇ ಒಂದು ದಿನ ಹಾಳು. ಬ್ಯಾಲೆನ್ಸ್ ತಪ್ಪಿದ್ದರೆ ನುಣುಪು ರಸ್ತೆಯಲ್ಲೂ ಒಂದು ವೇಗಕ್ಕೆ ನಡುಕ ಬರುತ್ತದೆ, ಆ ವೇಗ ದಾಟಿದರೆ ತಗ್ಗುತ್ತದೆ. ಗುಂಡಿ ಹೊಡೆದ ಮೇಲೆ ಶುರುವಾಗಿ ತಾನೇ ನಿಲ್ಲದಿದ್ದರೆ ಹುಡುಕಬೇಕಾದದ್ದು ಎಲ್ಲೋ ಇರುವ ಪ್ಲೇ (ಸಡಿಲ), ಇಲ್ಲವೇ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ). ಕ್ಯಾಸ್ಟರ್ ಸರಿಯಿತ್ತು. ಮುಂದಿನ ಶ್ಯಾಕಲ್ (ಪಟ್ಟೆ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಉದ್ದ ಮಾಡಿ ಎತ್ತರ ಏರಿಸಿದ ಗಾಡಿಯಾಗಿದ್ದರೆ ಮೊದಲ ಅನುಮಾನ ಅದರ ಮೇಲೇ, ಏಕೆಂದರೆ ಆಕ್ಸಲ್ ಮುಂದಕ್ಕೆ ತಿರುಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ.

ಜಾಕಿ ಕೊಟ್ಟು ಟೈರನ್ನು ಗಡಿಯಾರದ 9-3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಟೈ ರಾಡ್ (ಎರಡೂ ನಕಲ್ ಜೋಡಿಸುವ ಸರಳು) ಎಂಡು ಗಟ್ಟಿ. 12-6ರಲ್ಲಿ, ಅಂದರೆ ಮೇಲೆ-ಕೆಳಗೆ ಹಿಡಿದಾಗ, ಎಡಗಡೆ ಸಣ್ಣಗೆ ಟಿಕ್ ಅಂತು. ಬ್ರೇಕ್ ಒತ್ತಿ ಹಿಡಿಸಿ ನೋಡಿದರೂ ಹೋಗಲಿಲ್ಲ. ವ್ಹೀಲ್ ಬೇರಿಂಗ್ ಆಗಿದ್ದರೆ ಬ್ರೇಕ್ ಒತ್ತಿದಾಗ ಆ ಪ್ಲೇ ಕಾಣಬಾರದು, ಡಿಸ್ಕನ್ನು ಕ್ಯಾಲಿಪರ್ ನಕಲ್‌ಗೆ ಕಟ್ಟಿಹಾಕಿರುತ್ತದೆ. ಉಳಿದರೆ ಕಿಂಗ್‌ಪಿನ್. ಉತ್ತರ ಅಲ್ಲೇ ಕೈಯಲ್ಲಿತ್ತು.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಟೈ ರಾಡ್ ಬಿಡಿಸಿ ನಕಲ್ ತಿರುಗಿಸಿದರೆ ಒಳ್ಳೆ ಬಿಗಿ. ‘ಪ್ರೀಲೋಡ್ (ಬೇರಿಂಗಿಗೆ ಮೊದಲೇ ಕೊಟ್ಟ ಬಿಗಿ) ಸರಿಯಿದೆ’ ಎಂದು ತೀರ್ಮಾನ. ಆ ಬಿಗಿ ಬೇರಿಂಗಿನದ್ದಲ್ಲ, ಹೊಸ ಸೀಲಿನದ್ದು! ರಬ್ಬರು, ಫೆಲ್ಟ್ ಎರಡೂ ಹೊಸದಾದರೆ ಆಕ್ಸಲ್ ತುದಿಯ ಗೋಲದ ಮೇಲೆ ಕಚ್ಚಿಕೊಂಡು ಸಡಿಲ ಕಿಂಗ್‌ಪಿನ್ನನ್ನೂ ಗಟ್ಟಿಯೆಂದು ನಂಬಿಸುತ್ತವೆ. ಕಿಂಗ್‌ಪಿನ್ ಬಿಟ್ಟು ಹೊಸ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಅಲುಗಾಟ ತಗ್ಗಿಸುವ ಶಾಕ್) ಹಾಕಿದೆವು. ಅಲುಗಾಟ ಎರಡು ವಾರ ಮಲಗಿತ್ತು, ಆಮೇಲೆ ಎದ್ದು ಕೂತಿತು.

ಎರಡನೇ ಸಲ ಕ್ರಮವಾಗಿ ಅಳೆದದ್ದು ಹೀಗೆ: ವ್ಹೀಲ್ ತೆಗೆದು, ಕ್ಯಾಲಿಪರ್ ತಂತಿಯಲ್ಲಿ ನೇತುಹಾಕಿ, ಟೈ ರಾಡ್ ಬಿಡಿಸಿ (ಸ್ಟೇರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕ್ ಇರುವ ಕಡೆ ಅದನ್ನೂ), ಸೀಲಿನ ಬೋಲ್ಟ್ ಕಳಚಿ ಹಿಂದಕ್ಕೆ ಸರಿಸಿ, ಟೈ ರಾಡ್ ತೂತಿಗೆ ಕೊಕ್ಕೆ ತಕ್ಕಡಿ ಹಾಕಿ ನಕಲ್ ಆರ್ಮ್‌ಗೆ ನೇರ ಅಡ್ಡಲಾಗಿ ಎಳೆಯುವುದು. ನಕಲ್ ಕದಲುವಾಗ 1ರಿಂದ 1.8 ಕಿಲೋ ತೋರಿಸಬೇಕು. ಎಡಗಡೆ ಅರ್ಧ ಕಿಲೋ ಕೂಡ ಬರಲಿಲ್ಲ.

ಬಿಚ್ಚಿದರೆ ಮೇಲಿನ ಬೇರಿಂಗ್ ಕಪ್ಪಿನ (ಹೊರ ಬಳೆಯ) ಹಿಂದೆ ಹಳೇ ಗ್ರೀಸಿನ ಗಟ್ಟಿ ಪದರ. ಕಪ್ಪು ಪೂರ್ತಿ ಕೂತಿರಲಿಲ್ಲ. ಗಾಡಿ ಓಡಿದಂತೆ ಕೂತಿದೆ, ಪ್ರೀಲೋಡ್ ಇಳಿದಿದೆ. ಜೊತೆಗೆ ಹಳೇ ಶಿಮ್ಮುಗಳನ್ನು (ಬಿಗಿ ಹೊಂದಿಸುವ ತೆಳು ತಗಡುಗಳನ್ನು) ಹಾಗೇ ವಾಪಸ್ ಹಾಕಿದ್ದೆವು. ಬೇರಿಂಗ್ ಬದಲಾದ ಮೇಲೆ ಹಳೇ ಶಿಮ್ಮಿನ ಲೆಕ್ಕಕ್ಕೆ ಬೆಲೆಯಿಲ್ಲ. ಕಪ್ಪನ್ನು ಸುತ್ತ ತಟ್ಟುವಾಗ ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬರಬೇಕು. ಆಮೇಲೆ ಒಂದೊಂದೇ ಶಿಮ್ ತೆಗೆಯುತ್ತ ತಕ್ಕಡಿ ನೋಡಬೇಕು: ಶಿಮ್ ಕಡಿಮೆಯಾದಷ್ಟೂ ಬಿಗಿ. ಅತಿಯಾದರೆ ಸ್ಟೇರಿಂಗ್ ತಿರುವಿನಿಂದ ತಾನಾಗಿ ವಾಪಸ್ ಬರುವುದಿಲ್ಲ, ಬೇರಿಂಗೂ ಬೇಗ ಹಾಳು. ಬಲಗಡೆಯನ್ನೂ ಅಳೆದು ಸರಿಮಾಡಿಯೇ ಸೀಲು ಮುಚ್ಚಿದ್ದು.

ಕೊಕ್ಕೆ ತಕ್ಕಡಿ ಗ್ಯಾರೇಜಿನದ್ದಲ್ಲ, ಎದುರಿನ ಮೀನಂಗಡಿಯಿಂದ ತಂದದ್ದು. ‘ಕೈ ಅಂದಾಜು ಸಾಕು’ ಎನ್ನುವ ಮಾಲೀಕರು ಆ ಡ್ಯಾಂಪರ್ ಬಿಲ್ಲು ಯಾರ ತಲೆಗೆ ಕಟ್ಟಬೇಕು ಎಂದು ಇನ್ನೂ ಪಂಚಾಯಿತಿ ನಡೆಸುತ್ತಿದ್ದಾರೆ.